ಎಡಗಣ್ಣಿಗೆ ಬಗ್ಗಿದ ದಾರ

ಜೂನ್ 3

ಮೂರನೇ ಮಹಡಿ, ಅಡುಗೆಮನೆ. ಮತ್ತೆ ಎರಡು ಸಾಲು ಟೈಲ್ಸ್ ಕೀಳಿಸಿದೆ. ಭಾವಮೈದುನ ಗೊಣಗಿದ. ‘ಭಾವ, ಲೆವೆಲ್ ಇಟ್ಟು ನೋಡಿದೀನಿ, ನೇರ ಇದೆ.’

‘ಲೆವೆಲ್ ನನಗೆ ಹೇಳಿಕೊಡಬೇಡ’ ಎಂದೆ. ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ಸಾಲು ನೋಡುವುದು ನನ್ನ ಪದ್ಧತಿ. ಸಾಲು ನಡುವೆ ಹೊಟ್ಟೆ ಬಿಟ್ಟು ಉಬ್ಬಿತ್ತು. ಇವನಿಗೆ ಕಲಿಸಿ ಕಲಿಸಿ ಸಾಕಾಗಿದೆ.

ಜೂನ್ 4, ಮಧ್ಯಾಹ್ನ

ಗೋಡೆ ನೆಟ್ಟಗಿದೆಯೇ ನೋಡಲು ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟೆ. ಗುಂಡಿನ ದಾರವೇ ಎಡಗಣ್ಣಿಗೆ ಬಗ್ಗಿ ಕಂಡಿತು, ಬಲಗಣ್ಣಿಗೆ ನೇರ. ಭಾರ ಕಟ್ಟಿದ ದಾರ ಬಗ್ಗುವುದುಂಟೇ...

ಯಾರಿಗೂ ಹೇಳಲಿಲ್ಲ. ಭಾವಮೈದುನನಿಗೆ ಟೀ ಕೊಡಿಸಿದೆ. ಅನುಮಾನದಿಂದ ಕುಡಿದ.

ಜೂನ್ 19

ಹೆಂಡತಿಗೆ ಗೊತ್ತಾಗಿ ಕಣ್ಣಿನ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದಳು. ಎರಡೂ ಕಣ್ಣಿನ ಒಳಪರದೆಯ ಕೆಳಗೆ ಹಳದಿ ಚುಕ್ಕಿಗಳಿವೆಯಂತೆ. ಕೊಲೆಸ್ಟ್ರಾಲ್, ಕೊಬ್ಬು. ಎಡಗಣ್ಣಲ್ಲಿ ಜಾಸ್ತಿ. ಮನೆಗೆ ಬಂದವಳೇ ಮೊಟ್ಟೆ, ಬೆಣ್ಣೆ ಬಂದ್ ಮಾಡಿದಳು.

ಜುಲೈ 2

ರಕ್ತದ ರಿಪೋರ್ಟ್ ನಾರ್ಮಲ್. ‘ಮತ್ತೆ ಕಣ್ಣಿಗೆಲ್ಲಿಂದ ಬಂತು?’ ಎಂದಳು ಹೆಂಡತಿ, ನಾನೇ ಕದ್ದು ತಿಂದಿದ್ದೇನೆ ಎನ್ನುವ ಹಾಗೆ.

ಡಾಕ್ಟರ್ ನಕ್ಕರು. ‘ಕಣ್ಣಿನ ವ್ಯವಹಾರ ಬೇರೆ ಅಮ್ಮ. ಅದಕ್ಕೂ ಕೊಲೆಸ್ಟ್ರಾಲ್ ಬೇಕು. ತಾನೂ ಸ್ವಲ್ಪ ಮಾಡ್ಕೊಳ್ಳುತ್ತೆ, ಹೆಚ್ಚಾದದ್ದನ್ನ ಹೊರಗೆ ಹಾಕುತ್ತೆ. ಇವರಲ್ಲಿ ಹೊರಗೆ ಹಾಕೋದು ನಿಧಾನ ಆಗಿದೆ. ಉಳಿದದ್ದು ಅಲ್ಲೇ ಕೂತಿದೆ.’

ನನಗೆ ತಕ್ಷಣ ತಿಳಿಯಿತು. ಟೈಲ್ ಕೆಳಗೆ ಗಾರೆಯ ಗಂಟು ಉಳಿದರೆ ಮೇಲಿನ ಸಾಲು ಏಳುತ್ತದೆ. ‘ಕಿತ್ತು ಮತ್ತೆ ಕೂರಿಸಿ’ ಎಂದೆ.

‘ಅದಾಗಲ್ಲ. ಹೋದದ್ದು ಬರಲ್ಲ. ಇರೋದನ್ನ ಕಾಪಾಡ್ಕೊಳ್ಳೋಣ. ಮೊದಲು ಸಿಗರೇಟ್ ಬಿಡಿ.’

ಕೆಲಸದ ವಿಷಯ ಕೇಳಿದೆ. ಅವರು ಹೆಂಡತಿಯ ಕಡೆ ನೋಡಿದರು.

ಜುಲೈ 3

ಮೊಟ್ಟೆ ವಾಪಸ್ ಬಂತು. ರುಚಿ ಹತ್ತಲಿಲ್ಲ.

ಸೆಪ್ಟೆಂಬರ್ 11

ದೊಡ್ಡಕ್ಷರದಲ್ಲಿ ಬರೆಯುತ್ತಿದ್ದೇನೆ. ಬಲಗಣ್ಣೂ ಶುರು ಮಾಡಿದೆ. ಭಯವಾಗುತ್ತಿದೆ. ಟೈಲ್ಸ್ ಬಿಟ್ಟರೆ ನನಗೆ ಬೇರೇನೂ ಬರುವುದಿಲ್ಲ. ಹೆಂಡತಿಯ ಎದುರು ಜೋಕ್ ಮಾಡಿಕೊಂಡು ಓಡಾಡುತ್ತೇನೆ, ಅದೇ ದೊಡ್ಡ ಸುಸ್ತು.

ಸೆಪ್ಟೆಂಬರ್ 30

ಶಾಲೆಯೊಂದರ ಹಾಲ್. ಇಡೀ ನೆಲ ಭಾವಮೈದುನ ಒಬ್ಬನೇ ಹಾಸಿದ. ನಾನು ಮೂಲೆಯಲ್ಲಿ ಟೈಲ್ ಸಂದಿಗೆ ತುಂಬುವ ಪೌಡರ್ ಕಲೆಸುತ್ತಿದ್ದೆ. ಮುಗಿಸಿ ಎದ್ದು ನಿಂತ.

‘ಭಾವ, ಒಂದ್ಸಲ ನೋಡಿಬಿಡಿ. ಸರಿಯಿಲ್ಲ ಅಂದ್ರೆ ಕೀಳ್ತೀನಿ.’

ನೋಡಿದೆ. ಸಾಲುಗಳೆಲ್ಲ ಅಲೆಯಾಗಿ ಹೋದವು. ನಡುವೆ ಬೂದು ಕಲೆ. ನನಗೆ ಕಾಣುವುದಿಲ್ಲ ಎಂದು ಅವನಿಗೆ ಗೊತ್ತು. ಗೊತ್ತಿದ್ದೂ ಕೇಳಿದ. ಕೈಯಲ್ಲಿ ಸುತ್ತಿಗೆ, ನಿಜವಾಗಿಯೂ ಕೀಳಲು ತಯಾರು.

‘ನನಗೆ ಗೊತ್ತಾಗ್ತಿಲ್ಲ ಕಣೋ. ನೀನೇ ಹೇಳು’ ಎಂದೆ.

ಸುತ್ತಿಗೆ ಕೆಳಗಿಟ್ಟ ಸದ್ದು ಕೇಳಿತು. ‘ಸರಿಯಾಗಿದೆ ಭಾವ’ ಎಂದ. ಈ ಸಲ ಅವನ ದನಿಯಲ್ಲಿ ಗೊಣಗಾಟವಿರಲಿಲ್ಲ.