ಗಿಂಡಿಯಲ್ಲಿ ಬಂದ ಅಡಯಾರು

ಕ್ರೋಂಪೇಟೆ, ಮದ್ರಾಸು
೧೪-೯-೨೦೦೩

ಚಿ. ಸತ್ಯಾತ್ಮನಿಗೆ ನಿನ್ನ ಭಾವನ ಆಶೀರ್ವಾದ.

ಎರಡು ಕಾಗದ ಬರೆದರೂ ಉತ್ತರವಿಲ್ಲವೆಂದು ಕೋಪಿಸಿಕೊಂಡಿದ್ದೀ. ನ್ಯಾಯವೇ! ನಿನ್ನ ಅಕ್ಕ ಜಯಲಕ್ಷ್ಮೀ ತೀರಿಹೋಗಿ ಎರಡು ತಿಂಗಳಾಯಿತು. ರಾಯಚೂರಿಗೆ ಒಂದು ಸಾಲು ಬರೆಯಲು ಕೈ ಬರಲಿಲ್ಲ. ಭೀಮನ ವೇಷದಲ್ಲಿ ಗದೆ ತಿರುಗಿಸಿದ ಕೈ ಇದು, ಲೇಖನಿ ಎತ್ತಲಾರದು!

ನದಿಯ ಕೇಸು ಏನಾಯಿತೆಂದು ಕೇಳಿದ್ದೀ. ನಿನ್ನ ಅಕ್ಕ ಇದ್ದಾಗಲೇ ಸೋತೆವು. ಸುಮ್ಮನೆ ಸೋಲಲಿಲ್ಲ, ನಾನೇ ಸೋಲಿಸಿದೆ.

ಬಟ್ಟೆಗೆ ಬಣ್ಣ ಹಾಕುವ ಆ ಶೆಡ್ಡುಗಳನ್ನು ನೀನೇ ನೋಡಿದ್ದೀ. ಅಡಯಾರು ನದಿ ಸೋಮವಾರ ಕೆಂಪು, ಮಂಗಳವಾರ ನೇರಳೆ. ಹಿಂದಿನ ಬೀದಿಯ ಹೂವಿನ ನಾಗಮಣಿಯ ಬಾವಿಯಲ್ಲಿ ಸೇದಿದರೆ ಕುಂಕುಮದ ನೀರು. ಅವಳ ಅಂಗೈ ಸುಲಿದುಹೋಗಿ ಹೂ ಕಟ್ಟಲಾಗುತ್ತಿಲ್ಲ. ಅವಳಿಗಾಗಿಯೇ ಹನ್ನೊಂದು ಮನೆಯವರು ಕೋರ್ಟಿಗೆ ಹೋದೆವು. ನದಿಯ ನೀರು ಲ್ಯಾಬಿಗೆ ಹೋಗಬೇಕಿತ್ತು. ನಮ್ಮ ವಕೀಲೆ ರಂಜನಿ ಒಂದು ಪ್ಲಾಸ್ಟಿಕ್ ಬಾಟಲಿ ಕೊಟ್ಟು, "ಮಾಮಾ, ಇದರಲ್ಲೇ ಹಿಡಿದು ತನ್ನಿ. ಬೇರೆ ಪಾತ್ರೆ ವೇಂಡಾಂ, ಬೇಡವೇ ಬೇಡ" ಎಂದಳು.

ನಾನು ಕೇಳಿದೆನೆ? ತಾಯಿಯನ್ನು ಪ್ಲಾಸ್ಟಿಕ್ಕಿನಲ್ಲಿ ತುಂಬುವುದೆ! ನಮ್ಮ ಮನೆತನಕ್ಕೆ ತೀರ್ಥ ಬಂದದ್ದೆಲ್ಲ ತಾಮ್ರದಲ್ಲಿ. ದೇವರ ಮನೆಯ ಗಿಂಡಿಯಲ್ಲೇ ಹಿಡಿದೆ, ಅರಗಿನ ಮುದ್ರೆ ಒತ್ತಿದೆ, ಒಳ್ಳೆಯ ದಿನ ನೋಡಿ ವಾರದ ಮೇಲೆ ಲ್ಯಾಬಿಗೆ ಕೊಟ್ಟೆ. ನಾಳೆ ಜಡ್ಜಿಯ ಮುಂದೆ ಅದು ಥಳಥಳಿಸುವ ದೃಶ್ಯವಿದೆಯಲ್ಲ, ಆಹಾ, ಪರದೆ ಏಳುವಾಗಿನ ಹಾಗೆ ಎಂದು ಬೀಗಿದೆ.

ರಿಪೋರ್ಟಿನಲ್ಲಿ ತಾಮ್ರವೋ ತಾಮ್ರ. ಶೆಡ್ಡಿನ ಬಣ್ಣದ ತಾಮ್ರವೇ ಇದು, ಗೆದ್ದೆವೆಂದು ಕುಣಿದೆವು. ಎದುರು ವಕೀಲ ನಿಧಾನವಾಗಿ ಎದ್ದು, "ಸ್ವಾಮಿ, ಈ ತಾಮ್ರ ನದಿಯದ್ದಲ್ಲ, ಈ ಹಿರಿಯರ ಪೂಜಾಪಾತ್ರೆಯದ್ದು" ಎಂದ. ಇಡೀ ಕೋರ್ಟು ನಕ್ಕಿತು. ನನ್ನ ಯಾವ ನಾಟಕಕ್ಕೂ ಅಷ್ಟು ನಗು ಬಿದ್ದಿರಲಿಲ್ಲ. ಅರ್ಜಿ ವಜಾ. ಮರುದಿನವೇ ನದಿ ಹಸಿರು.

ನಾಗಮಣಿ ನಮ್ಮ ಮನೆಯ ಗೇಟಿನ ಹೊರಗೇ ನಿಂತು, "ಎನ್ನ ಸಾಮಿ, ಡ್ರಾಮಾ ಮುಡಿಂಜುದಾ?" ಎಂದು ಕೇಳಿದಳು. ಸುಲಿದ ಅಂಗೈ ತೋರಿಸಿ ಹೊರಟುಹೋದಳು. ನಾಟಕ ಮುಗಿಯಿತು ತಾಯಿ ಎಂದು ಖಾಲಿ ಗೇಟಿಗೆ ಹೇಳಿ ಒಳಗೆ ಬಂದೆ.

ಇಲ್ಲೀಗ ಕುಡಿಯುವ ನೀರಿಗೇ ಬರ. ನೀರಿನ ಲಾರಿಯ ಹಾರನ್ ಕೇಳಿದರೆ ನಿನ್ನ ಈ ಭೀಮಸೇನ ಕೊಡ ಹಿಡಿದು ಓಡುತ್ತಾನೆ. ಕೃಷ್ಣೆಯ ನೀರು ಕುಡಿಯುವ ಪುಣ್ಯವಂತರು ನೀವು. ಸೀತಾಳಿಗೂ ಮಕ್ಕಳಿಗೂ ನನ್ನ ಆಶೀರ್ವಾದ. ರಾಯರು ನಿಮ್ಮನ್ನು ತಣ್ಣಗಿಟ್ಟಿರಲಿ.

ಇಂತು ನಿನ್ನ ಭಾವ,
ತಿರುಮಲ

ತಾ.ಕ.: ಅದು ನೀನು ಅಕ್ಕನಿಗೆಂದು ಕಾಶಿಯಿಂದ ತಂದ ಗಂಗೆಯ ಗಿಂಡಿ. ಅವಳು ಮಠಕ್ಕೆ ಹೋಗಿದ್ದಾಗ ಮುದ್ರೆ ಒಡೆದು, ಗಂಗೆಯನ್ನು ತುಳಸಿಗೆ ಸುರಿದೆ. ಕೇಸು ಬಿದ್ದ ಮೇಲೆ ಗಿಂಡಿ ವಾಪಸು ತಂದು, ಹುಣಸೆಹಣ್ಣು ಹಾಕಿ ಮೂರು ಸಲ ಉಜ್ಜಿ, ಲಾರಿ ನೀರು ತುಂಬಿ, ಮತ್ತೆ ಅರಗು ಹಾಕಿ ಅಲ್ಲೇ ಇಟ್ಟೆ. ಕೊನೆಗಳಿಗೆಯಲ್ಲಿ ಅವಳು ಕೇಳಿದ್ದು ಅದನ್ನೇ. ಬಾಯಿಗೆ ಬಿಟ್ಟೆ. ನೀನು ಬಂದವನೇ, "ಭಾವ, ಅಕ್ಕನ ಬಾಯಾಗ ಗಂಗಿ ಬಿಟ್ರಿಲ್ಲೋ?" ಎಂದಾಗ ಗಂಭೀರವಾಗಿ ತಲೆಯಾಡಿಸಿದೆ. ಅವಳು ಒಂದು ಹನಿ ನುಂಗಿ ಮುಖ ಕಿವುಚಿ ಕೇಳಿದ್ದನ್ನು ಮಾತ್ರ ನಿನಗೆ ಹೇಳಲಿಲ್ಲ: "ಬಣ್ಣದ ವಾಸನಿ ಬರ್ತದ... ಗಂಗೀನೂ ಕೆಟ್ಟಳೇನ್ರೀ?"