ಅವ್ವ ಬಿಟ್ಟ ಗುಳಿಗೆ

ಫೆಬ್ರುವರಿ ೧೧, ಮಂಗಳವಾರ. ರಾಣೆಬೆನ್ನೂರು, ಆಸ್ಪತ್ರೆ.

ಅವ್ವ ಬಿಪಿ ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತಂತೆ. ನಮ್ಮೂರು ಹಲಗೇರಿಯಲ್ಲಿ ಮನೆಮನೆಗೆ ಹೋಗಿ ಬಿಪಿ ನೋಡುವ ಆಶಾ ಕಾರ್ಯಕರ್ತೆ ನಾನು. “ಆರಾಮ ಅನಿಸಿದ್ರೂ ಗುಳಿಗಿ ಬಿಡಬ್ಯಾಡ್ರಿ” ಎಂದು ಊರಿಗೆಲ್ಲ ಹೇಳುವವಳು. “ತಲಿನೋವಿಲ್ಲ, ಚಕ್ಕರಿಲ್ಲ, ನಾ ಯಾಕ ನುಂಗ್ಲಿ?” ಎಂದು ಹಿಂದೊಮ್ಮೆ ಅವ್ವ ನಕ್ಕಿದ್ದಳು. ನಾನು ಬೈದ ಮೇಲೆ ನುಂಗುತ್ತಿದ್ದಾಳೆಂದೇ ನಂಬಿದ್ದೆ.

ಬೆಳಿಗ್ಗೆ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದವಳ ಬಲಗೈ ಸೋತು ಬಿತ್ತು, ಬಾಯಿ ಸೊಟ್ಟಗಾಯಿತು. ನನ್ನ ಯಂತ್ರದಲ್ಲೇ ನೋಡಿದೆ, ಇನ್ನೂರಾ ಹತ್ತು. ಮಿದುಳಿನಲ್ಲಿ ರಕ್ತ ಸೋರಿದೆ ಎಂದರು ಇಲ್ಲಿಯ ಡಾಕ್ಟರು. “ಇನ್ನ ಕಾದು ನೋಡೂದಷ್ಟರಿ.”

ಈಗಷ್ಟೇ ಅವ್ವ ಎಡಗೈಯಿಂದ ನನ್ನ ಬೆರಳು ಹಿಡಿದು ಏನೋ ಹೇಳಿದಳು. ಬಾಯಿಗೆ ಕಿವಿ ಹಚ್ಚಿದೆ. ಒಂದು ಮಾತೂ ತಿಳಿಯಲಿಲ್ಲ. “ಹೂಂ ಬೇ ಅವ್ವಾ” ಎಂದೆ. ಸಮಾಧಾನವಾದಂತೆ ಕಣ್ಣು ಮುಚ್ಚಿದಳು. ಯಾವುದಕ್ಕೆ ಹೂಂ ಅಂದೆನೋ.