ಏರಿನಲ್ಲಿ ಕೇಳುವ ಸದ್ದು

ಪ್ರೀತಿಯ ಮಾವ,

ಈ ಪತ್ರದ ಜೊತೆ ಕಾಗದದಲ್ಲಿ ಸುತ್ತಿದ ಒಂದು ಸ್ಪಾರ್ಕ್ ಪ್ಲಗ್ ಇದೆ. ಮೊದಲು ಪತ್ರ ಓದು, ಆಮೇಲೆ ಅದನ್ನು ಬಿಚ್ಚು. ನೀನು ಹೇಗೂ ಪ್ಲಗ್ಗನ್ನೇ ಮೊದಲು ಬಿಚ್ಚುವವನು ಎಂದು ಗೊತ್ತು. ಆದರೂ ಹೇಳಿದೆ.

ಫೋನಿನಲ್ಲಿ ಹೇಳಲು ನೋಡಿದೆ. "ಗಾಡಿ ಹೇಗಿದೆ?" ಎಂದು ಕೇಳಿದೆ ನೀನು. ನಾನು ಬಾಯಿ ತೆರೆಯುವಷ್ಟರಲ್ಲಿ "ನಾನು ಸೆಟ್ ಮಾಡಿದ್ಮೇಲೆ ಕೇಳ್ಬೇಕಾ!" ಎಂದು ಉತ್ತರವನ್ನೂ ನೀನೇ ಕೊಟ್ಟು, ಫೋನನ್ನು ಅತ್ತೆಯ ಕೈಗೆ ದಾಟಿಸಿಬಿಟ್ಟೆ. ಅತ್ತೆಗೆ ಹೇಳಲು ಮನಸ್ಸಾಗಲಿಲ್ಲ. ಇದು ನಿನಗೆ ಮೊದಲು ತಲುಪಬೇಕಾದ ಮಾತು. ಹಾಗಾಗಿ ಎಷ್ಟೋ ವರ್ಷಗಳ ಮೇಲೆ ಪೆನ್ನು ಹಿಡಿದು ಕೂತಿದ್ದೇನೆ. ಶಾಲೆಯಲ್ಲಿ ಕಲಿತ ಇಂಗ್ಲಿಷಿನಲ್ಲಿ ಬರೆದಿದ್ದರೆ ಬೇಗ ಮುಗಿಯುತ್ತಿತ್ತು. ಆದರೆ ಅದು ಆಫೀಸಿನ ನೋಟೀಸಿನ ಹಾಗೆ ಆಗುತ್ತಿತ್ತು, ನೀನು ಅದನ್ನು ಮಡಚಿ ಸ್ಟೂಲಿನ ಕಾಲಿನ ಕೆಳಗೆ ಇಡುತ್ತಿದ್ದೆ.

ನಿನ್ನ ಜೋಡಿ ಬೈಕುಗಳಲ್ಲಿ ಒಂದನ್ನು ನನಗೆ ಕೊಟ್ಟ ದಿನ ನೀನು ಎಷ್ಟು ಹಿಗ್ಗಿದ್ದೆ! ಎರಡಕ್ಕೂ ಒಂದೇ ಕೆಲಸ: ದೊಡ್ಡ ಪಿಸ್ಟನ್, ಸವೆಸಿದ ಹೆಡ್, ಬೇರೆ ಕಾರ್ಬ್ಯುರೇಟರ್. "ಪಿಕಪ್ಪೂ ಬೇಕು, ಮೈಲೇಜೂ ಬೇಕು ಅಂದ್ರೆ ಎಲ್ರೂ ನಗ್ತಾರೆ. ನಾನು ಕೊಡ್ತೀನಿ ನೋಡು" ಎಂದಿದ್ದೆ. ಅದು ಬಡಾಯಿ ಅಲ್ಲ. ಹಿಂದೆ ನಿನ್ನ ಬೆನ್ನಿಗಂಟಿ ಕೂತು ಹೋದವಳು ನಾನು. ಇಬ್ಬರನ್ನೂ ಏರು ಹತ್ತಿಸಿ, ಇನ್ನೂ ಪೆಟ್ರೋಲ್ ಮಿಗಿಸುತ್ತಿದ್ದ ಗಾಡಿ ಅದು. ಊರಿನವರೆಲ್ಲ ತಮ್ಮ ಎಂಜಿನ್ನುಗಳನ್ನು ನಿನ್ನ ಕೈಗಿಂತ ಹೆಚ್ಚಾಗಿ ನಿನ್ನ ಕಿವಿಯ ಮುಂದೆ ತಂದು ನಿಲ್ಲಿಸುತ್ತಿದ್ದರು. ನೀನು ಕಣ್ಣು ಮುಚ್ಚಿ, ಸ್ಕ್ರೂಡ್ರೈವರ್ ತಿರುಗಿಸಿ, "ಹಾಂ, ಈಗ ಉಸಿರಾಡ್ತು" ಎನ್ನುತ್ತಿದ್ದೆ.

ಆದರೆ ನೀನು ಮತ್ತೆ ಸೆಟ್ ಮಾಡಿ ಕೊಟ್ಟ ಮೇಲೆ ನನ್ನ ಹತ್ತಿರ ಬಂದ ಗಾಡಿ ಬೇರೆಯೇ ಆಗಿತ್ತು. ಟ್ಯಾಂಕು ನೋಡನೋಡುತ್ತಲೇ ಖಾಲಿ. ಆಫೀಸು ಮುಟ್ಟುವ ಹೊತ್ತಿಗೆ ಎಂಜಿನ್ನಿನ ಹತ್ತಿರ ಕಾಲು ಇಡಲಾಗದಷ್ಟು ಬಿಸಿ. ಮೇಲ್ಸೇತುವೆಯ ಏರಿನಲ್ಲಿ ಆಕ್ಸಿಲರೇಟರ್ ತಿರುಗಿಸಿದರೆ ಸಣ್ಣ ಸದ್ದು, ಗಾಜಿನ ಬಾಟಲಿಯಲ್ಲಿ ಕಲ್ಲಿನ ಚೂರು ಹಾಕಿ ಕುಲುಕಿದ ಹಾಗೆ. ನಾನು ಓಡಿಸುವ ರೀತಿಯೇ ಸರಿಯಿಲ್ಲವೇನೋ ಎಂದುಕೊಂಡೆ. ನಿನ್ನ ಕೆಲಸದ ಮೇಲೆ ಅನುಮಾನ ಬರುವ ಮೊದಲು ನನ್ನ ಮೇಲೆ ಬಂತು, ಅದು ನಿಜ.

ಕೊನೆಗೆ ಬೀದಿ ತುದಿಯ ಗ್ಯಾರೇಜಿಗೆ ಒಯ್ದೆ. ಆತ ಒಂದು ಸುತ್ತು ಹೋಗಿಬಂದು, ಬಿಚ್ಚಿ ನೋಡಿ, "ಯಾರ್ ಮೇಡಂ ಇದನ್ನ ಕಟ್ಟಿದ್ದು? ಆ ಕೈಗೆ ನಮಸ್ಕಾರ ಹಾಕ್ಬೇಕು" ಎಂದ. ನಾನು ಉಬ್ಬಿದೆ. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ: "ಆದ್ರೆ ಟೈಮಿಂಗ್ ಇಷ್ಟು ಮುಂದೆ ಯಾಕಿಟ್ರು? ಪ್ಲಗ್ಗಿನ ಕಿಡಿ ಹೊತ್ತಿಗೆ ಮುಂಚೇನೇ ಹಾರ್ತಿದೆ. ಏರಲ್ಲಿ ಕಲ್ಲು ಕುಲುಕಿದಂಗೆ ಬರೋ ಈ ನಾಕಿಂಗ್ ಅವರಿಗೆ ಕೇಳ್ಸಲ್ವಾ?" ಮಾತಿಗೆ ಕೇಳಿದ್ದು ಅಷ್ಟೇ. ನನಗೆ ಮಾತ್ರ ಆ ಪ್ರಶ್ನೆ ಮರೆಯಲಿಲ್ಲ.

ಟೈಮಿಂಗ್ ಪ್ಲೇಟನ್ನು ಕೂದಲೆಳೆಯಷ್ಟು ಹಿಂದೆ ಸರಿಸಿದ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಬದಲಿಸಿದ, ಹೊಸ ಪ್ಲಗ್ ಹಾಕಿದ. ಮಾವ, ಗಾಡಿ ಮತ್ತೆ ನಿನ್ನ ಹಳೆಯ ಗಾಡಿಯಾಯಿತು. ಏರಿನಲ್ಲಿ ಹಗುರ, ಎಂಜಿನ್ನು ತಣ್ಣಗೆ, ಪೆಟ್ರೋಲ್ ಬಂಕಿನವನಿಗೆ ನನ್ನ ಮುಖವೇ ಮರೆತುಹೋಗುವಷ್ಟು ಮೈಲೇಜು. ನಿನಗೆ ಏನೂ ಹೇಳದೆ ಇದ್ದುಬಿಡೋಣ ಎಂದುಕೊಂಡೆ. ಅದನ್ನು ನಿನ್ನ ಮೇಲಿನ ಗೌರವ ಎಂದು ಕರೆದುಕೊಂಡೆ. ನನಗೆ ಮುಜುಗರ ತಪ್ಪಿಸಿಕೊಳ್ಳುವುದೇ ಮುಖ್ಯವಾಗಿತ್ತೋ ಏನೋ, ಈಗ ಖಾತ್ರಿಯಿಲ್ಲ.

ಹೋದ ಭಾನುವಾರ ನೀವಿಬ್ಬರೂ ಬಂದಿರಿ. ಒಲೆಯ ಪಕ್ಕದ ಟೈಮರ್ ಕಿರುಚುತ್ತಿತ್ತು, ನೀನು ಅದರ ಮುಂದೆಯೇ ಕೂತು ಪೇಪರ್ ಓದುತ್ತಿದ್ದೆ. ಅತ್ತೆ ಓಡಿಬಂದು ಅದನ್ನು ಆರಿಸಿ, "ನನ್ನ ಮಾತು ಮಾತ್ರ ಇವರಿಗೆ ಕೇಳ್ಸಲ್ಲ ಅಂದ್ಕೊಂಡಿದ್ದೆ, ಈಗ ಇದರದ್ದೂ ಅದೇ ಗತಿ" ಎಂದರು. ಎಲ್ಲರೂ ನಕ್ಕೆವು. ನೀನೂ ನಕ್ಕೆ, ಸ್ವಲ್ಪ ತಡವಾಗಿ.

ನಾನು ಟೀ ಮಾಡಿ ತರುವಷ್ಟರಲ್ಲಿ ನೀನು ಅಂಗಳದಲ್ಲಿದ್ದೆ, ಕೈಯೆಲ್ಲ ಗ್ರೀಸು. "ಯಾವ ಪುಣ್ಯಾತ್ಮನಿಗೆ ಕೊಟ್ಟಿದ್ಯೇ ಗಾಡೀನ? ಟೈಮಿಂಗೆಲ್ಲ ಹಿಂದೆ ತಳ್ಳಿ ಸಾಯಿಸಿಟ್ಟಿದ್ದಾನೆ. ವಾಪಸ್ ನನ್ನ ಸೆಟ್ಟಿಂಗಿಗೇ ತಂದಿದೀನಿ. ಹತ್ತು" ಎಂದೆ. ನಾನು ಹಿಂದೆ ಹತ್ತಿದೆ. ಮೇಲ್ಸೇತುವೆಯ ಏರಿನಲ್ಲಿ ನೀನು ಪೂರ್ತಿ ತಿರುಗಿಸಿದೆ. ಆ ಕಲ್ಲಿನ ಚೂರುಗಳು ನನ್ನ ಕಾಲ ಕೆಳಗೇ ಕುಣಿಯುತ್ತಿದ್ದವು. ನೀನು ಅರ್ಧ ಹಿಂದೆ ತಿರುಗಿ ಕೂಗಿದೆ: "ಕೇಳಿದ್ಯಾ! ಹೇಗೆ ಹಾಡ್ತಿದೆ ನೋಡು!"

ನಾನು "ಹ್ಞೂಂ ಮಾವ" ಎಂದೆ. ಇಳಿದ ಮೇಲೆ ಥ್ಯಾಂಕ್ಸ್ ಕೂಡ ಹೇಳಿದೆ.

ಈಗ ಪ್ಲಗ್ ಬಿಚ್ಚು. ಕನ್ನಡಕ ಹಾಕಿಕೊಂಡು, ಬೆಳಕಿಗೆ ಹಿಡಿದು, ಬಿಳಿಯ ಪಿಂಗಾಣಿಯ ತುದಿ ನೋಡು. ಗ್ಯಾರೇಜಿನಾತ ಹಾಕಿದ ಹೊಸ ಪ್ಲಗ್ ಇದು. ಭಾನುವಾರಕ್ಕೆ ಮೊದಲು ನಾನೇ ಕಳಚಿ ನೋಡಿದ್ದೆ, ಒಳ್ಳೆ ಕಂದು ಬಣ್ಣವಿತ್ತು. ಈಗ ಅದರ ಮೇಲೆ ಪುಡಿ ಚಿಮುಕಿಸಿದ ಹಾಗೆ ಬೆಳ್ಳಿಯ ಚುಕ್ಕೆಗಳಿವೆ. ಅವು ಏನೆಂದು ನಿನಗೆ ನಾನು ಹೇಳಬೇಕಿಲ್ಲ. ನೀನೇ ಲೇತಿನ ಮೇಲೆ ತಿರುಗಿಸಿ ಕೂರಿಸಿದ ಪಿಸ್ಟನ್ನಿನ ಚೂರುಗಳು ಅವು. ನಿನ್ನ ಕೈಗೆ ಏನೂ ಆಗಿಲ್ಲ, ಕಣ್ಣಿಗೂ ಆಗಿಲ್ಲ. ಆ ಸಣ್ಣ, ಚೂಪು ಸದ್ದು ಮಾತ್ರ ನಿನ್ನ ಕಿವಿಗೆ ಬರುವುದು ನಿಂತಿದೆ. ಸದ್ದಿಲ್ಲ ಎಂದರೆ ಇನ್ನೂ ಜಾಗವಿದೆ ಎಂದುಕೊಂಡು ನೀನು ಟೈಮಿಂಗನ್ನು ಮುಂದೆ, ಇನ್ನೂ ಮುಂದೆ ಸರಿಸುತ್ತ ಹೋಗಿದ್ದೀಯ.

ಇದನ್ನು ಬರೆಯುವುದು ಬೇಡವೆಂದು ಎರಡು ದಿನ ಸುಮ್ಮನಿದ್ದೆ. ಗುಟ್ಟಾಗಿ ಮತ್ತೆ ಗ್ಯಾರೇಜಿಗೆ ಒಯ್ದು ಹಿಂದೆ ಸರಿಸಿದರೆ ನನ್ನ ಗಾಡಿಯೇನೋ ಉಳಿಯುತ್ತದೆ. ಆದರೆ ಜೋಡಿ ಗಾಡಿ ನಿನ್ನ ಹತ್ತಿರ ಇದೆ, ಅದೂ ಇದೇ ಸೆಟ್ಟಿಂಗಿನಲ್ಲಿದೆ. ಮುಂದಿನ ವಾರ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ದಾರಿಯಲ್ಲಿ ಅವರ ತಂಗಿಯ ಮನೆಗೆ ಹೊರಟಿದ್ದೀಯ. ಅಷ್ಟು ಉದ್ದದ ಏರಿನಲ್ಲಿ ಪಿಸ್ಟನ್ ಕಚ್ಚಿ ಹಿಂದಿನ ಚಕ್ರ ನಿಂತುಬಿಟ್ಟರೆ? ಅಲ್ಲಿಗೆ ಬಂದು ನಿಲ್ಲುತ್ತದೆ ನನ್ನ ಯೋಚನೆ. ನಿನ್ನ ಮನಸ್ಸು ನೋಯುವುದೂ ಬೇಡ, ಅತ್ತೆಯ ಕಾಲು ಮುರಿಯುವುದೂ ಬೇಡ ಎಂದರೆ ಎರಡನ್ನೂ ಒಟ್ಟಿಗೆ ತಪ್ಪಿಸುವುದು ನನ್ನ ಕೈಲಿಲ್ಲ. ಒಂದನ್ನು ಆರಿಸಿಕೊಂಡಿದ್ದೇನೆ.

ಕಿವಿಯ ಡಾಕ್ಟರ ಹತ್ತಿರ ಹೋಗುವುದು ಬಿಡುವುದು ನಿನಗೆ ಸೇರಿದ್ದು. ಹೋಗು ಎನ್ನುತ್ತೇನೆ, ಪೀಡಿಸುವುದಿಲ್ಲ. ಗಾಡಿಯ ವಿಷಯಕ್ಕೆ ಮಾತ್ರ ನನ್ನದೊಂದು ಉಪಾಯವಿದೆ. ನಾಕಿಂಗ್ ಹೇಗೂ ನಿಂತಲ್ಲಿ ಕೇಳುವುದಿಲ್ಲ, ಏರಿನಲ್ಲಿ ಎಂಜಿನ್ನು ಎಳೆಯುವಾಗಲೇ ಕೇಳಬೇಕು. ನೀನು ಓಡಿಸು. ನಾನು ಹಿಂದೆ ಕೂತು ಕೇಳುತ್ತೇನೆ, ಸದ್ದು ಬಂದ ಕೂಡಲೇ ನಿನ್ನ ಭುಜ ತಟ್ಟುತ್ತೇನೆ. ನೀನು ನಿಲ್ಲಿಸಿ ಒಂದಿಷ್ಟು ಹಿಂದೆ ಸರಿಸು, ಮತ್ತೆ ಹತ್ತೋಣ. ಸದ್ದು ಅಡಗುವ ತನಕ ಹೀಗೇ. ಎಷ್ಟು ಸರಿಸಬೇಕು, ಯಾವ ಜೆಟ್ ಹಾಕಬೇಕು ಎಂಬುದು ನನಗೆ ತಿಳಿಯದ ವಿದ್ಯೆ, ಗ್ಯಾರೇಜಿನಾತನಿಗೆ ಅದನ್ನು ಬಿಟ್ಟುಕೊಡುವ ಆಸೆಯೂ ನನಗಿಲ್ಲ. ಮೊದಲು ನನ್ನ ಗಾಡಿ, ಆಮೇಲೆ ನಿನ್ನ ಮನೆಗೆ ಬಂದು ನಿನ್ನದು. ಅಲ್ಲಿಯವರೆಗೆ ನನ್ನದು ಅಂಗಳದಲ್ಲೇ ನಿಂತಿರುತ್ತದೆ. ನಿನ್ನ ಬೆನ್ನ ಹಿಂದೆ ಇನ್ನೊಮ್ಮೆ ಅದರ ಸ್ಕ್ರೂ ಮುಟ್ಟಿಸುವುದಿಲ್ಲ.

ಇದಕ್ಕೆ ಫೋನಿನಲ್ಲಿ ಉತ್ತರ ಕೊಡಬೇಡ. ಶನಿವಾರ ಬಾ. ಸಿಟ್ಟು ಬಂದಿದ್ದರೆ ಸಿಟ್ಟಿನಲ್ಲೇ ಬಾ, ಬೈಯುವುದಿದ್ದರೆ ಬೈದುಕೊಂಡೇ ಬಾ. ಆದರೆ ಮಾವ, ಬಸ್ಸಿನಲ್ಲಿ ಬಾ.

ನೀನೂ ಅತ್ತೆಯೂ ನೂರ್ಕಾಲ ಒಟ್ಟಿಗೆ ತಿರುಗಾಡುತ್ತಿರಿ ಎಂದು ಬಯಸುವ,
ನಿನ್ನ ಅಕ್ಕನ ಮಗಳು